ಕಟ್ಟಿದ ಆನೆಯ ಯೋಗಕ್ಷೇಮ

೧

ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದು ಸೇರಿದ್ದ ಓಲೆಯ ಕಟ್ಟೊಂದನ್ನು ಪರಿಶೀಲಿಸಿ, ಅದು ಲುಪ್ತವಾಗಿ ಹೋಯಿತೆಂದು ವಿದ್ವಾಂಸರು ಆಸೆ ಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಆರ್. ಶಾಮಾಶಾಸ್ತ್ರಿಗಳು ಗುರುತಿಸಿದರು. ೧೯೦೯ರಲ್ಲಿ ಆ ಗ್ರಂಥವು ಮೈಸೂರಿನಲ್ಲಿಯೇ ಅಚ್ಚಾಗಿ ಪ್ರಕಟವಾಯಿತು. ಅಂದಿನಿಂದ ಅದರಲ್ಲಿ ರಾಜನೀತಿಯನ್ನು ಅರಸಿದವರು ಅನೇಕರು; ಕೋಶ, ದಂಡ, ಗೂಢಚಾರ ಮೊದಲಾದ ವಿಷಯಗಳನ್ನು ಕುರಿತು ಬರೆದವರೂ ಅನೇಕರು. ಆದರೆ ಅದರ ಎರಡನೆಯ ಅಧಿಕರಣದ ೩೧ ಮತ್ತು ೩೨ನೆಯ ಅಧ್ಯಾಯಗಳ ಬಳಿ ನಿಂತು ಓದಿದವರು ಅಷ್ಟು ಮಂದಿ ಇರಲಾರರು. ಆ ಅಧ್ಯಾಯಗಳು ಹಸ್ತ್ಯಧ್ಯಕ್ಷನ, ಎಂದರೆ ಅರಸನ ಆನೆಗಳ ಮೇಲಣ ಅಧಿಕಾರಿಯ, ಕರ್ತವ್ಯಗಳನ್ನು ಹೇಳತಕ್ಕವು. ಕಾಡಿನಿಂದ ತಂದು ಕಟ್ಟಿದ ಆನೆಗೆ ಕಟ್ಟಿದವನು ಏನನ್ನು ಸಲ್ಲಿಸಬೇಕೆಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ದೊರೆಯುವ ಅತಿ ಪ್ರಾಚೀನವಾದ ಉತ್ತರಗಳಲ್ಲಿ ಇದೊಂದು.

ನಮ್ಮಲ್ಲಿ ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ಗಾದೆಯುಂಟು. ಬದುಕಿದ್ದರೆ ಅದರ ದುಡಿಮೆಗೆ ಬೆಲೆ, ಸತ್ತರೆ ಅದರ ದಂತಕ್ಕೆ ಬೆಲೆ ಎಂಬುದು ಗಾದೆಯ ಅಭಿಪ್ರಾಯವು. ಬದುಕಿದ್ದೂ ದುಡಿಯಲಾರದ ಆನೆಗೆ ಎಷ್ಟು ಹೊನ್ನೆಂಬುದನ್ನು ಮಾತ್ರ ಗಾದೆಯು ಹೇಳುವುದಿಲ್ಲ. ಈ ಲೇಖನದ ವಿಚಾರವೆಲ್ಲ ಆ ಹೇಳದೆ ಬಿಟ್ಟ ಮಾತನ್ನು ಕುರಿತದ್ದು. ಆನೆಯನ್ನು ಸಾಕುವ ವಿದ್ಯೆಯು ನಮ್ಮವರಿಗೆ ಎಂದೂ ಕಡಿಮೆಯಾಗಿರಲಿಲ್ಲ. ಆ ವಿದ್ಯೆಯು ಆನೆಯ ಉಪಯೋಗವು ಮುಗಿದ ಮೇಲೂ ಅದರ ಪಾಲಿಗೆ ಉಳಿಯಿತೇ ಎಂಬುದನ್ನೇ ಚರಿತ್ರೆಯಿಂದ ಕೇಳಿ ತಿಳಿಯಬೇಕಾಗಿದೆ.

೨

ಕೌಟಿಲ್ಯನ ವಿಧಿಗಳನ್ನು ಮೊದಲು ನೋಡೋಣ. ಆನೆಯ ಲಾಯವು ಆನೆಯ ಉದ್ದದ ಎರಡರಷ್ಟು ಎತ್ತರವೂ ಅಗಲವೂ ಉದ್ದವೂ ಉಳ್ಳದ್ದಾಗಿ, ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿರಬೇಕು. ಕಟ್ಟುವ ಕಂಬವು ನುಣುಪಾಗಿರಬೇಕು. ಮಲಮೂತ್ರ ವಿಸರ್ಜನೆಗೆ ಏರ್ಪಾಡಾದ ಸ್ಥಳವಿರಬೇಕು. ಹಗಲನ್ನು ಎಂಟು ಭಾಗ ಮಾಡಿ, ಮೊದಲನೆಯ ಮತ್ತು ಏಳನೆಯ ಭಾಗಗಳಲ್ಲಿ ಸ್ನಾನ, ಅದರ ತರುವಾಯ ಆಹಾರ, ಪೂರ್ವಾಹ್ನದಲ್ಲಿ ವ್ಯಾಯಾಮ, ಅಪರಾಹ್ನದಲ್ಲಿ ಪಾನೀಯ ಎಂದು ದಿನಚರಿಯನ್ನು ಗೊತ್ತುಮಾಡಿದೆ. ರಾತ್ರಿಯ ಮೂರು ಪಾಲಿನಲ್ಲಿ ಎರಡು ಪಾಲು ನಿದ್ರೆಗೆ ಮೀಸಲು. ಲಾಯದ ಪರಿವಾರವೂ ಚಿಕ್ಕದಲ್ಲ. ವೈದ್ಯ, ಶಿಕ್ಷಕ, ಸವಾರ, ಮಾವುತ, ಅಡಿಗೆಯವನು, ಹುಲ್ಲು ತರುವವನು, ಕಾಲಿಗೆ ಸಂಕಲೆ ಹಾಕುವವನು, ಲಾಯದ ಕಾವಲುಗಾರ, ರಾತ್ರಿ ಬಳಿಯಲ್ಲಿರುವವನು ಎಂದು ಒಬ್ಬೊಬ್ಬರನ್ನೂ ಹೆಸರಿಸಿ ಹೇಳಿದೆ.

ಇದಕ್ಕಿಂತಲೂ ಗಮನಾರ್ಹವಾದುದು ತಪ್ಪುಗಳ ಪಟ್ಟಿ. ಲಾಯವನ್ನು ಶುಚಿಯಾಗಿಡದಿರುವುದು, ಮೇವನ್ನು ಒದಗಿಸದಿರುವುದು, ಬರಿಯ ನೆಲದ ಮೇಲೆ ಮಲಗಿಸುವುದು, ಹೊಡೆಯಬಾರದ ಅಂಗದ ಮೇಲೆ ಹೊಡೆಯುವುದು, ಅನ್ಯರನ್ನು ಹತ್ತಗೊಡುವುದು, ಅಕಾಲದಲ್ಲಿ ನಡೆಸುವುದು, ಸಲ್ಲದ ನೆಲದ ಮೇಲೆ ನಡೆಸುವುದು, ಇಳಿಯಲು ತಕ್ಕ ಸ್ಥಳವಿಲ್ಲದೆಡೆ ನೀರಿಗಿಳಿಸುವುದು, ಮರಗಳ ದಟ್ಟಣೆಯೊಳಕ್ಕೆ ನುಗ್ಗಿಸುವುದು ಎಂದು ಒಂಬತ್ತು ತಪ್ಪುಗಳನ್ನು ಎಣಿಸಿ, ಇವುಗಳಿಗೆ ದಂಡವನ್ನು ತಪ್ಪಿತಸ್ಥರ ಪಡಿ ಮತ್ತು ಸಂಬಳಗಳಿಂದಲೇ ಹಿಡಿಯತಕ್ಕದ್ದೆಂದು ವಿಧಿಸಿದೆ. ಇಲ್ಲಿ ದಯೆಯ ಉಪದೇಶವಿಲ್ಲ, ಲೆಕ್ಕವಿದೆ. ಆನೆಗೆ ಹುಲ್ಲು ತಪ್ಪಿದ ದಿನ ಒಬ್ಬ ಮನುಷ್ಯನ ಅನ್ನವೂ ತಪ್ಪುತ್ತದೆ. ಮಾತಿಲ್ಲದ ಪ್ರಾಣಿಯ ಹಸಿವನ್ನು ಮಾತುಳ್ಳವನ ಹಸಿವಿಗೆ ಗಂಟು ಹಾಕಿದುದೇ ಈ ಶಾಸನದ ಮರ್ಮವು.

ಇಷ್ಟೆಲ್ಲ ಎಚ್ಚರವು ಏಕೆಂದರೆ, ಅರಸನ ಜಯವು ಆನೆಯ ಮೇಲೆ ನಿಂತಿದ್ದಿತು. ಚತುರಂಗ ಬಲದಲ್ಲಿ ಆನೆಯೊಂದು ಅಂಗವಾಗಿದ್ದಿತು. ಆನೆಯನ್ನು ಕೊಂದವನಿಗೆ ಮರಣದಂಡನೆಯೆಂದು ಅದೇ ಗ್ರಂಥವು ಹೇಳುತ್ತದೆ. ಆದುದರಿಂದ ಇದನ್ನು ಶುದ್ಧ ಜೀವಕಾರುಣ್ಯವೆಂದು ಹೊಗಳುವುದು ಸರಿಯಲ್ಲ. ಆದರೂ ಎರಡು ಮಾತುಗಳು ಬರಿಯ ಸ್ವಾರ್ಥದ ಗೆರೆಯನ್ನು ದಾಟುವಂತೆ ತೋರುತ್ತವೆ. ಹಿಡಿಯುವ ಕಾಲವು ಗ್ರೀಷ್ಮ. ಹಿಡಿಯತಕ್ಕದ್ದು ಇಪ್ಪತ್ತು ವರ್ಷದ ಆನೆ. ಮರಿಯನ್ನೂ, ರೋಗಿಯನ್ನೂ, ಗಬ್ಬದ ಹೆಣ್ಣನ್ನೂ, ಹಾಲೂಡುವ ತಾಯಿಯನ್ನೂ ಹಿಡಿಯಕೂಡದು ಎಂಬುದು ಮೊದಲನೆಯದು. ದಾರಿಯ ಆಯಾಸ, ವ್ಯಾಧಿ, ದುಡಿಮೆ, ಮದ ಇವುಗಳಿಂದ ಬಳಲಿದವುಗಳಂತೆಯೇ ಮುಪ್ಪಿನಿಂದ ಬಳಲಿದ ಆನೆಗಳಿಗೂ ವೈದ್ಯರು ಚಿಕಿತ್ಸೆ ಮಾಡಬೇಕೆಂಬುದು ಎರಡನೆಯದು. ಗಾದೆಯು ಮರೆತ ಮುದಿಯಾನೆಯನ್ನು ಕೌಟಿಲ್ಯನು ಮರೆಯಲಿಲ್ಲ. ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯನ್ನು ಅಳೆಯಲು ಇವೇ ನಮಗೆ ಅಳತೆಗೋಲು.

೩

ಕನ್ನಡ ನಾಡಿನಲ್ಲಿ ಗಜವಿದ್ಯೆಗೆ ಅರಸರ ಆಶ್ರಯವು ಮಾತ್ರವಲ್ಲ, ಅರಸರ ಲೇಖನಿಯೂ ದೊರೆಯಿತು. ತಲಕಾಡಿನ ಗಂಗರ ಲಾಂಛನವು ಆನೆ. ಅವರಲ್ಲಿ ಶ್ರೀಪುರುಷನು ಗಜಶಾಸ್ತ್ರವನ್ನು ರಚಿಸಿದನೆಂದೂ, ಅವನ ಮಗನಾದ ಶಿವಮಾರನು ಗಜಾಷ್ಟಕವನ್ನು ರಚಿಸಿದನೆಂದೂ ತಿಳಿದುಬರುತ್ತದೆ. ಗಜಾಷ್ಟಕವು ಒನಕೆವಾಡಾಗಿ ಹೆಂಗಸರ ಬಾಯಲ್ಲಿ ನೆಲೆಸಿದ್ದಿತೆಂದು ಶಾಸನವೊಂದು ಹೇಳುತ್ತದೆ. ಕೃತಿಯು ನಮಗೆ ಉಳಿದುಬಂದಿಲ್ಲ. ಅರಸನ ಗಜವಿದ್ಯೆಯು ಭತ್ತ ಕುಟ್ಟುವ ಹೆಂಗಸರ ನಾಲಗೆಯವರೆಗೂ ಇಳಿದುಬಂದಿದ್ದಿತೆಂಬುದು, ಆನೆಯು ಅಂದಿನ ಜನದ ಬಾಳಿಗೆ ಎಷ್ಟು ಹತ್ತಿರವಾಗಿದ್ದಿತೆಂಬುದಕ್ಕೆ ಸಾಕ್ಷಿ.

ಮುಂದೆ ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಆನೆಗಳನ್ನು ಹಿಡಿಯುವ ಬಗೆಯನ್ನೂ, ಅವುಗಳ ಲಕ್ಷಣ, ಪೋಷಣೆಗಳನ್ನೂ ವಿಸ್ತಾರವಾಗಿ ವರ್ಣಿಸಿದನು. ಆದರೆ ಅದೇ ಗ್ರಂಥದಲ್ಲಿ ಗಜವಾಹ್ಯಾಳಿಯೆಂಬ ವಿನೋದದ ವರ್ಣನೆಯೂ ಇದೆ. ಮದವೇರಿದ ಆನೆಯನ್ನು ಬಯಲಿಗೆ ಬಿಟ್ಟು, ಸವಾರರನ್ನು ಅದರ ಮುಂದೆ ಓಡಿಸಿ, ಅರಸನೂ ಆಸ್ಥಾನವೂ ಕಂಡು ನಲಿಯುವ ಆಟವದು. ಪೋಷಣೆಯ ವಿದ್ಯೆಯೂ ಕೆರಳಿಸುವ ವಿದ್ಯೆಯೂ ಒಂದೇ ಲೇಖನಿಯಿಂದ ಹೊರಟುವು. ಆನೆಯನ್ನು ಚೆನ್ನಾಗಿ ಬಲ್ಲವನು ಆನೆಗೆ ಒಳ್ಳೆಯವನೇ ಆಗಿರಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೧೪೪೩ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಇಮ್ಮಡಿ ದೇವರಾಯನ ಆನೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಒಂದೊಂದು ಆನೆಗೂ ಒಂದೊಂದು ಬೇರೆ ಕೋಣೆ. ಭದ್ರವಾದ ಗೋಡೆ, ಬಲವಾದ ಮರದ ಮಾಡು. ಕೊರಳು ಬೆನ್ನುಗಳಿಗೆ ಹಾಕಿದ ಸರಪಣಿಯನ್ನು ಮೇಲಿನ ಮಾಡಿಗೆ ಬಿಗಿದಿರುತ್ತಿದ್ದರು. ಬೇಯಿಸಿದ ಖಿಚಡಿಗೆ ಉಪ್ಪು ಸಕ್ಕರೆಗಳನ್ನು ಬೆರಸಿ, ದೊಡ್ಡ ಮುದ್ದೆಗಳಾಗಿ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ, ದಿನಕ್ಕೆರಡು ಸಾರಿ ಬಾಯಿಗಿಡುತ್ತಿದ್ದರು. ಇದರಲ್ಲಿ ಯಾವುದೊಂದು ವಸ್ತುವು ತಪ್ಪಿದರೂ ಆನೆಯು ಪಾಲಕನ ಮೇಲೆ ಬೀಳುತ್ತಿದ್ದಿತೆಂದೂ, ಅರಸನು ಅಂಥ ಅಲಕ್ಷ್ಯಕ್ಕೆ ಕಠಿನವಾಗಿ ಶಿಕ್ಷಿಸುತ್ತಿದ್ದನೆಂದೂ ಅವನು ಹೇಳುತ್ತಾನೆ. ಕೌಟಿಲ್ಯನ ಲೆಕ್ಕವು ಸಾವಿರ ವರ್ಷಗಳಿಗೂ ಮಿಕ್ಕು ಕಳೆದ ಮೇಲೆಯೂ ತುಂಗಭದ್ರೆಯ ದಡದಲ್ಲಿ ಜೀವಂತವಾಗಿದ್ದುದನ್ನು ಇಲ್ಲಿ ಕಾಣುತ್ತೇವೆ.

ಇದೇ ಯಾತ್ರಿಕನು ಆನೆಯನ್ನು ಪಳಗಿಸುವ ಉಪಾಯವೊಂದನ್ನೂ ಹೇಳಿದ್ದಾನೆ. ಆನೆಯು ಗುಂಡಿಯಲ್ಲಿ ಬಿದ್ದ ಬಳಿಕ ಒಬ್ಬನು ಬಂದು ಅದನ್ನು ನಿರ್ದಯವಾಗಿ ಹೊಡೆಯುತ್ತಾನೆ. ಆಗ ಮತ್ತೊಬ್ಬನು ಬಂದು, ಹೊಡೆಯುವವನನ್ನು ಓಡಿಸಿ, ಆನೆಗೆ ಮೇವು ಹಾಕುತ್ತಾನೆ. ಕೆಲವು ದಿನಗಳವರೆಗೆ ಹೀಗೆಯೇ ನಡೆದರೆ ಆನೆಯು ಎರಡನೆಯವನಲ್ಲಿ ವಿಶ್ವಾಸವಿಡುತ್ತದೆ. ಹೊಡೆದವನೂ ಕಾದವನೂ ಒಂದೇ ಲಾಯದ ಆಳುಗಳೆಂಬುದು ಆನೆಗೆ ತಿಳಿಯದು. ಕಟ್ಟಿದ ಆನೆಗೂ ಮನುಷ್ಯನಿಗೂ ನಡುವೆ ಬೆಳೆಯುವ ಸ್ನೇಹವು ಎಷ್ಟೇ ನಿಜವಾಗಿದ್ದರೂ ಅದರ ಬುಡದಲ್ಲಿ ಇಂಥದೊಂದು ವಂಚನೆಯು ಇದ್ದೇ ಇರುತ್ತದೆ. ಆ ಕಾರಣದಿಂದಲೇ ಕಟ್ಟಿದವನ ಋಣವು ದೊಡ್ಡದು.

೪

ಫಿರಂಗಿಗಳು ಬಂದ ಮೇಲೆ ಯುದ್ಧದಲ್ಲಿ ಆನೆಯ ಸ್ಥಾನವು ತಗ್ಗಿತು. ಆದರೆ ದುಡಿಮೆಯು ತಗ್ಗಲಿಲ್ಲ. ತೋಪುಗಳನ್ನೂ ಡೇರೆಗಳನ್ನೂ ಸಾಗಿಸುವುದಕ್ಕೆ, ಕಾಡಿನಿಂದ ಮರ ಎಳೆಯುವುದಕ್ಕೆ, ಅರಮನೆಯ ಮೆರವಣಿಗೆಗೆ, ದೇವಾಲಯದ ಉತ್ಸವಕ್ಕೆ ಆನೆಗಳು ಬೇಕಾದುವು. ಮೈಸೂರಿನಲ್ಲಿ ಈ ಬೇಡಿಕೆಯನ್ನು ಪೂರೈಸಿದ ಏರ್ಪಾಡೇ ಖೆಡ್ಡಾ.

ಹೈದರಾಲಿಯು ಕಾಕನಕೋಟೆಯ ಕಾಡಿನಲ್ಲಿ ಆನೆಯ ಹಿಂಡನ್ನು ಹಿಡಿಯಲು ಯತ್ನಿಸಿ ವಿಫಲನಾಗಿ, ಮುಂದೆ ಯತ್ನಿಸುವವರಿಗೆ ಶಾಪವಿಟ್ಟು ಕಲ್ಲು ನೆಡಿಸಿದ್ದನೆಂಬ ಕಥೆಯನ್ನು ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು ಬರೆದಿದ್ದಾನೆ. ಕಾಲುವೆಗಳ ಇಲಾಖೆಯಲ್ಲಿದ್ದ ಈತನೇ ೧೮೭೩-೭೪ರಲ್ಲಿ ಚಾಮರಾಜನಗರದ ಪ್ರಾಂತದಲ್ಲಿ ಮೈಸೂರಿನ ಮೊದಲನೆಯ ಖೆಡ್ಡಾವನ್ನು ನಡೆಸಿದನು. ಅಂದಿನಿಂದ ೧೯೭೧ರವರೆಗೆ ಒಟ್ಟು ೩೬ ಖೆಡ್ಡಾಗಳು ನಡೆದು, ಒಂದೂವರೆ ಸಾವಿರಕ್ಕೂ ಮೀರಿದ ಆನೆಗಳು ಸೆರೆಸಿಕ್ಕಿದುವು. ಕಪಿಲೆಯ ದಡದ ಕಾರಾಪುರದಲ್ಲಿ ರಾಜರ, ರಾಜಪ್ರತಿನಿಧಿಗಳ ಮುಂದೆ ನಡೆದ ಈ ಬೇಟೆಯನ್ನು ನೋಡಲು ದೇಶವಿದೇಶಗಳಿಂದ ಅತಿಥಿಗಳು ಬರುತ್ತಿದ್ದರು. ೧೯೨೨ರಲ್ಲಿ ವೇಲ್ಸಿನ ರಾಜಕುಮಾರನೂ ಬಂದಿದ್ದನು.

ಕಾರ್ಯದ ಕ್ರಮವು ಹೀಗೆ. ಕಾಡಿನ ಒಂದೊಂದು ಮರವನ್ನೂ ಬಲ್ಲ ಕುರುಬರು ಮೊದಲಾದವರು ತಮಟೆ, ಬೆಂಕಿ, ಬೊಬ್ಬೆಗಳಿಂದ ಹಿಂಡನ್ನು ಹೊಳೆಯ ಕಡೆಗೆ ಅಟ್ಟುವರು. ಹೊಳೆಯನ್ನು ದಾಟಿಸಿ ಮರದ ದಿಮ್ಮಿಗಳ ದೊಡ್ಡಿಯೊಳಕ್ಕೆ ನುಗ್ಗಿಸಿ ಬಾಗಿಲಿಕ್ಕುವರು. ಅನಂತರ ಪಳಗಿದ ಕುಮ್ಕಿ ಆನೆಗಳ ಮೇಲೆ ಕುಳಿತು ಒಳಹೊಕ್ಕು ಒಂದೊಂದಕ್ಕೂ ಹಗ್ಗ ಬಿಗಿದು, ಎಳೆದುಕೊಂಡು ಹೋಗಿ ಮರಗಳಿಗೆ ಕಟ್ಟುವರು. ಗುಂಡಿ ತೋಡಿ ಬೀಳಿಸುವ ಹಳೆಯ ಕ್ರಮದಲ್ಲಿ ಕಾಲು ಮುರಿದು ಸಾಯುತ್ತಿದ್ದ ಆನೆಗಳನ್ನು ನೆನೆದರೆ ಖೆಡ್ಡಾ ಮೇಲೆಂದು ಹೇಳುವುದಕ್ಕೆ ಅವಕಾಶವುಂಟು. ಆದರೆ ಹಗ್ಗವು ಕೊರೆದ ಕಾಲಿನ ಗಾಯಗಳಿಂದಲೂ, ಹೊಡೆದಾಟದಿಂದಲೂ, ಕೊರಗಿನಿಂದಲೂ ಸತ್ತವುಗಳ ಸಂಖ್ಯೆಯೂ ಅಲ್ಪವಲ್ಲ.

ಈಗ ನಮ್ಮ ಅಳತೆಗೋಲನ್ನು ಇಡೋಣ. ಮರಿಯನ್ನೂ ಗಬ್ಬದ ಹೆಣ್ಣನ್ನೂ ಹಾಲೂಡುವ ತಾಯಿಯನ್ನೂ ಹಿಡಿಯಕೂಡದೆಂದು ಹಳೆಯ ಶಾಸ್ತ್ರವು ಹೇಳಿತ್ತು. ಖೆಡ್ಡಾದ ಸ್ವರೂಪದಲ್ಲಿಯೇ ಈ ವಿವೇಚನೆಗೆ ಎಡೆಯಿಲ್ಲ. ಹಿಂಡು ಎಂದರೆ ತಾಯಿ, ಅಜ್ಜಿ, ಚಿಕ್ಕಮ್ಮ, ಮಕ್ಕಳು ಕೂಡಿದ ಒಂದು ಮನೆತನ. ಆನೆಯ ಗರ್ಭಕಾಲವು ೨೦ರಿಂದ ೨೨ ತಿಂಗಳು. ಆ ಮೇಲೆಯೂ ಮರಿಯು ವರ್ಷಗಳ ಕಾಲ ತಾಯಿಯನ್ನು ಬಿಟ್ಟಿರದು. ಅಂಥ ಹಿಂಡನ್ನು ಇಡಿಯಾಗಿ ದೊಡ್ಡಿಗೆ ತಂದಾಗ ತಾಯಿಯೂ ಬರುತ್ತಾಳೆ, ಮರಿಯೂ ಬರುತ್ತದೆ. ಕೆಲವನ್ನು ಬಿಟ್ಟುಕೊಟ್ಟದ್ದುಂಟು, ಮಿಕ್ಕವನ್ನು ಇಟ್ಟುಕೊಂಡು ಹಲವನ್ನು ಮಾರಿದರು. ಒಂದು ಮನೆತನವು ಒಂದೊಂದು ಊರಿಗೆ ಹಂಚಿಹೋಯಿತು.

ಖೆಡ್ಡಾವನ್ನು ನಡೆಸಿದ ಸ್ಯಾಂಡರ್ಸನ್ನನೇ ಆನೆಗಳ ಮೇವಿನ ವಿಷಯದಲ್ಲಿ ಅಸಮಾಧಾನವನ್ನು ಸೂಚಿಸಿದ್ದಾನೆ. ಸರ್ಕಾರವು ಗೊತ್ತುಮಾಡಿದ ಹಸಿರು ಮೇವು ಆನೆಯ ನಿಜವಾದ ಹಸಿವಿಗೆ ಸಾಲದೆಂದೂ, ಅನೇಕ ರೋಗಗಳ ಮೂಲವು ಹೊಟ್ಟೆಗಿಲ್ಲದಿರುವುದೇ ಎಂದೂ ಅವನ ಅಭಿಪ್ರಾಯವಾಗಿದ್ದಿತು. ದಿನದ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಮೇಯುವುದರಲ್ಲಿಯೇ ಕಳೆಯುವ ಪ್ರಾಣಿಯದು. ಅದನ್ನು ಒಂದೇ ಕಡೆ ಕಟ್ಟಿ, ಎರಡು ಹೊತ್ತು ಹಾಕಿದ್ದನ್ನು ತಿನ್ನೆಂದರೆ ಹೊಟ್ಟೆಯು ತುಂಬಿದರೂ ಹೊತ್ತು ಹೋಗದು. ಇದೇ ಕಾಲದಲ್ಲಿ, ೧೮೭೯ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಆನೆಗಳ ಸಂರಕ್ಷಣೆಯ ಕಾಯಿದೆಯು ಜಾರಿಗೆ ಬಂದಿತು. ಅದು ಕಾಡಾನೆಯನ್ನು ಅಪ್ಪಣೆಯಿಲ್ಲದೆ ಕೊಲ್ಲಬಾರದು, ಹಿಡಿಯಬಾರದು ಎಂದಿತು; ಹಿಡಿದ ಆನೆಯ ಲಾಯವನ್ನು ಕುರಿತು ಏನನ್ನೂ ಹೇಳಲಿಲ್ಲ. ಅರಸನ ಯುದ್ಧದೊಂದಿಗೆ ಕೌಟಿಲ್ಯನ ಲೆಕ್ಕದ ಪುಸ್ತಕವೂ ಮುಚ್ಚಿಹೋಗಿದ್ದಿತು.

೫

೧೯೭೧ರ ತರುವಾಯ ಖೆಡ್ಡಾ ನಿಂತಿತು. ಖೆಡ್ಡಾ ನಡೆದ ಹೊಳೆಯ ಬಯಲು ಕಬಿನಿ ಜಲಾಶಯದ ನೀರಿನಲ್ಲಿ ಮುಳುಗಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ೧೯೭೭ರಲ್ಲಿ ಆನೆಯು ಸೇರಿತು; ೨೦೧೦ರಲ್ಲಿ ಅದನ್ನು ರಾಷ್ಟ್ರೀಯ ಪರಂಪರೆಯ ಪ್ರಾಣಿಯೆಂದು ಸಾರಲಾಯಿತು. ಲಾರಿಗಳೂ ಯಂತ್ರಗಳೂ ಬಂದು ಮರ ಎಳೆಯುವ ಕೆಲಸವೂ ತಪ್ಪಿತು. ಹೀಗೆ ಆನೆಯ ದುಡಿಮೆಯು ಬಹುಮಟ್ಟಿಗೆ ಮುಗಿಯಿತು; ಆದರೆ ಕಟ್ಟಿದ ಆನೆಗಳು ಉಳಿದುವು. ಗಾದೆಯು ಹೇಳದೆ ಬಿಟ್ಟ ಪ್ರಶ್ನೆಯು ಈಗ ನಮ್ಮ ಕಾಲದ ಪ್ರಶ್ನೆಯಾಗಿ ನಿಂತಿದೆ.

ಸಕ್ರೆಬೈಲು, ದುಬಾರೆ, ಮತ್ತಿಗೋಡು ಮೊದಲಾದ ಅರಣ್ಯ ಇಲಾಖೆಯ ಬಿಡಾರಗಳಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಬೆಳಗ್ಗೆ ಹೊಳೆಯಲ್ಲಿ ಮೈ ತಿಕ್ಕಿ, ರಾಗಿಯ ಮುದ್ದೆಯನ್ನೋ ಹುಲ್ಲಿನಲ್ಲಿ ಭತ್ತ ಬೆಲ್ಲಗಳನ್ನು ಸುತ್ತಿದ ಕುಸುರೆಯನ್ನೋ ತಿನ್ನಿಸಿ, ಕಾಲಿಗೆ ಎಳೆಸರಪಣಿ ಹಾಕಿ ಕಾಡಿಗೆ ಬಿಡುತ್ತಾರೆ. ಮಾವುತ ಕಾವಾಡಿಗಳು ಸರಪಣಿಯ ಜಾಡನ್ನು ಹಿಡಿದು ಹೋಗಿ ಮರಳಿ ಕರೆತರುತ್ತಾರೆ. ಕಾಡಿನಲ್ಲಿ ಆನೆಯು ತನಗೆ ಬೇಕಾದ ಸೊಪ್ಪನ್ನು ತಾನೇ ಆರಿಸಿ ತಿನ್ನುತ್ತದೆ. ತನ್ನ ಜಾತಿಯವರನ್ನು ಕಾಣುತ್ತದೆ. ಬಿಡಾರದ ಹೆಣ್ಣಾನೆಗಳು ಕಾಡಿನ ಸಲಗಗಳಿಂದ ಮರಿ ಪಡೆದುದೂ ಉಂಟು. ಇದು ಸ್ವಾತಂತ್ರ್ಯವಲ್ಲ, ಆದರೂ ಕಲ್ಲುನೆಲದ ಮೇಲೆ ಹಗಲಿರುಳು ಒಂಟಿಯಾಗಿ ನಿಂತಿರುವ ಆನೆಯ ಸ್ಥಿತಿಗೂ ಇದಕ್ಕೂ ಅಜಗಜಾಂತರವಿದೆ.

ಒಂಟಿಯಾಗಿ ನಿಂತ ಆನೆಗಳು ನಮ್ಮ ದೇಶದಲ್ಲಿ ಎಷ್ಟೋ ಇವೆ. ಗಟ್ಟಿನೆಲವು ಆನೆಯ ಅಂಗಾಲನ್ನೂ ಉಗುರನ್ನೂ ಕೆಡಿಸುತ್ತದೆ. ನಡಿಗೆಯಿಲ್ಲದೆ ಕೀಲುಗಳು ಬಿಗಿಯುತ್ತವೆ. ಸಂಗಾತಿಯಿಲ್ಲದ ಆನೆಯು ನಿಂತಲ್ಲಿಯೇ ತಲೆಯನ್ನು ತೂಗುತ್ತ ಇರುತ್ತದೆ. ಅದನ್ನು ಕಂಡ ಭಕ್ತರು ಆನೆಯು ಆನಂದದಿಂದ ನಲಿಯುತ್ತಿದೆಯೆಂದು ಮಕ್ಕಳಿಗೆ ತೋರಿಸುತ್ತಾರೆ. ಅದು ಆನಂದವಲ್ಲ, ಬೇಸರದ ವ್ಯಾಧಿ. ಇದನ್ನರಿತೇ ೨೦೦೯ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ಆನೆಗಳನ್ನು ಮೃಗಾಲಯಗಳಿಂದ ಅರಣ್ಯದ ಬಿಡಾರಗಳಿಗೆ ಸಾಗಿಸಬೇಕೆಂದು ಸೂಚಿಸಿತು. ಬರಿಯ ನೆಲದ ಮೇಲೆ ಮಲಗಿಸುವುದನ್ನು ದಂಡಾರ್ಹವೆಂದ ಕೌಟಿಲ್ಯನಿಗೆ ಈ ಮಾತು ಹೊಸದಾಗಿ ತೋರುತ್ತಿರಲಿಲ್ಲ.

ಇಂದಿನ ಕಾಯಿದೆಯು ಆನೆಯ ಒಡೆತನಕ್ಕೆ ಪ್ರಮಾಣಪತ್ರವನ್ನು ಕೇಳುತ್ತದೆ. ಅದನ್ನು ಕೊಡುವ ಮುನ್ನ ಅರ್ಜಿದಾರನಿಗೆ ಆನೆಯನ್ನಿಡಲು ತಕ್ಕ ಸ್ಥಳವೂ ಸಾಕುವ ಅನುಕೂಲವೂ ಇವೆಯೇ ಎಂದು ಅಧಿಕಾರಿಯು ನೋಡಬೇಕೆನ್ನುತ್ತದೆ. ಒಳ್ಳೆಯ ಮಾತು. ಆದರೆ ಇದು ಬಾಗಿಲಲ್ಲಿ ಕೇಳುವ ಪ್ರಶ್ನೆ. ಲಾಯದೊಳಗೆ ದಿನದಿನವೂ ಕೇಳಬೇಕಾದ ಪ್ರಶ್ನೆಯು ಬೇರೆ. ೨೦೨೨ರ ತಿದ್ದುಪಡಿಯು ಪ್ರಮಾಣಪತ್ರವುಳ್ಳವರು ಧಾರ್ಮಿಕ ಅಥವಾ ಇತರ ಉದ್ದೇಶಗಳಿಗಾಗಿ ಆನೆಯನ್ನು ವರ್ಗಾಯಿಸಲು, ಸಾಗಿಸಲು ದಾರಿ ಮಾಡಿತು. ೨೦೨೪ರಲ್ಲಿ ಅದರ ನಿಯಮಗಳೂ ಬಂದುವು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋದ ಆನೆಗೆ ಅಲ್ಲಿನ ನೆಲವೆಂಥದು, ನೀರೆಂಥದು, ಅದರ ಮಾವುತನು ಜೊತೆಗೆ ಹೋದನೇ ಎಂಬುದನ್ನು ವಿಚಾರಿಸುವವರು ನಿತ್ಯವೂ ಇರಬೇಕು.

ಮಾವುತನ ಮಾತನ್ನು ಇಲ್ಲಿ ಹೇಳಲೇಬೇಕು. ಹಳೆಯ ಶಾಸ್ತ್ರವು ಆನೆಯ ಪಡಿಯನ್ನು ಗೊತ್ತುಮಾಡಿದಂತೆಯೇ ಪರಿವಾರದ ಪಡಿಯನ್ನೂ ಗೊತ್ತುಮಾಡಿತ್ತು. ಸಂಬಳದಿಂದ ದಂಡ ಹಿಡಿಯಬೇಕಾದರೆ ಮೊದಲು ಸಂಬಳವಿರಬೇಕಷ್ಟೆ! ನಮ್ಮ ಬಿಡಾರಗಳಲ್ಲಿ ತಲೆತಲಾಂತರದಿಂದ ಈ ಕೆಲಸವನ್ನು ಮಾಡುತ್ತಿರುವವರಲ್ಲಿ ಜೇನುಕುರುಬರು ಅನೇಕರು. ಅವರ ಮನೆಯ ಒಲೆಯು ತಣ್ಣಗಿದ್ದರೆ ಆನೆಯ ಹೊಟ್ಟೆಯು ಬೆಚ್ಚಗಿರುವುದೆಂದು ನಂಬುವುದು ಹೇಗೆ?

೬

ಕೊನೆಗೆ ಮುಪ್ಪಿನ ವಿಷಯ. ಮೈಸೂರಿನ ದಸರೆಯಲ್ಲಿ ೭೫೦ ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ೨೦೧೨ರಿಂದ ೨೦೧೯ರವರೆಗೆ ಹೊತ್ತ ಅರ್ಜುನನನ್ನು ಕನ್ನಡಿಗರೆಲ್ಲರೂ ಬಲ್ಲರು. ವಯಸ್ಸು ಅರವತ್ತಾಯಿತೆಂದು ಅವನನ್ನು ಅಂಬಾರಿಯ ಭಾರದಿಂದ ಬಿಡಿಸಿದರು. ೨೦೨೦ರಿಂದ ಅಭಿಮನ್ಯುವು ಆ ಭಾರವನ್ನು ಹೊತ್ತನು. ಆದರೆ ೨೦೨೩ರ ಡಿಸೆಂಬರ್ ೪ರಂದು ಹಾಸನ ಜಿಲ್ಲೆಯ ಸಕಲೇಶಪುರ ತಾಲೂಕಿನಲ್ಲಿ, ಕಾಡಾನೆಗಳನ್ನು ಹಿಡಿಯುವ ಕಾರ್ಯದಲ್ಲಿದ್ದಾಗ, ಒಂಟಿ ಸಲಗದೊಡನೆ ಹೋರಾಡಿ ಅರ್ಜುನನು ಮಡಿದನು. ನಾಡೆಲ್ಲವೂ ಮರುಗಿತು. ತೋಟಕ್ಕೆ ನುಗ್ಗುವ ಕಾಡಾನೆಯಿಂದ ಜನರ ಪ್ರಾಣವನ್ನು ಉಳಿಸುವ ಕೆಲಸವು ಹಗುರವಾದುದಲ್ಲ. ಅದಕ್ಕೆ ಅನುಭವವುಳ್ಳ ಕುಮ್ಕಿ ಆನೆಯೇ ಬೇಕೆಂಬುದೂ ನಿಜ. ಆದರೂ, ಉತ್ಸವದ ಭಾರಕ್ಕೆ ಮುದಿಯಾದ ಆನೆಯು ಕಾಳಗದ ಭಾರಕ್ಕೆ ಮುದಿಯಲ್ಲವೇ ಎಂಬ ಪ್ರಶ್ನೆಯನ್ನು ಮರುಕದ ಕಣ್ಣೀರು ಒರಸಿಹಾಕಲಾರದು. ಮುಪ್ಪಿನ ಆನೆಗೆ ವೈದ್ಯನನ್ನು ಗೊತ್ತುಮಾಡಿದ ಶಾಸ್ತ್ರವು ನಮ್ಮದು. ಮುಪ್ಪಿಗೆ ವಿಶ್ರಾಂತಿಯನ್ನು ಗೊತ್ತುಮಾಡುವುದು ಮಾತ್ರ ಏಕೆ ಕಷ್ಟವಾಗಬೇಕು?

ಕಾಡಿನಿಂದ ಬಂದ ಆನೆಗಳಲ್ಲಿ ಬಹುಪಾಲನ್ನು ಮರಳಿ ಕಾಡಿಗೆ ಬಿಡಲಾಗದು. ಮನುಷ್ಯನ ಭಯವನ್ನು ಮರೆತ ಆನೆಯು ಊರಿಗೇ ಹಿಂದಿರುಗುತ್ತದೆ. ಆದುದರಿಂದ ಅವು ಬದುಕಿರುವವರೆಗೆ ಅವುಗಳ ಹೊಣೆಯು ನಮ್ಮದು. ಆ ಹೊಣೆಯನ್ನು ನೆರವೇರಿಸಲು ಹೊಸ ಶಾಸ್ತ್ರವು ಬೇಕಾಗಿಲ್ಲ. ಆನೆಯಿರುವ ಊರಿನ ಗೃಹಸ್ಥರು ಹಬ್ಬದ ದಿನ ಬಾಳೆಯ ಹಣ್ಣನ್ನು ಕೊಟ್ಟು ಬರುವಾಗ, ಆ ಒಂಬತ್ತು ತಪ್ಪುಗಳಲ್ಲಿ ಕಣ್ಣಿಗೆ ಬೀಳತಕ್ಕವನ್ನಾದರೂ ಒಂದೊಂದಾಗಿ ನೋಡಲಿ. ಲಾಯವು ಶುಚಿಯಾಗಿದೆಯೇ? ಮುಂದೆ ಹಸಿರು ಮೇವಿದೆಯೇ? ಕಾಲಡಿಯಲ್ಲಿ ಮಣ್ಣಿದೆಯೇ, ಕಲ್ಲೇ? ಮೈಮೇಲೆ ಅಂಕುಶದ ಗಾಯವಿದೆಯೇ? ಸುಡುವ ಬಿಸಿಲಿನಲ್ಲಿ ಡಾಂಬರಿನ ಮೇಲೆ ನಡೆಸುತ್ತಾರೆಯೇ? ಇಲ್ಲವೆಂದೋ ಉಂಟೆಂದೋ ಉತ್ತರವು ಎದುರಿಗೇ ನಿಂತಿರುತ್ತದೆ. ಕೇಳುವವರಿದ್ದಾರೆಂದು ತಿಳಿದ ಲಾಯದಲ್ಲಿ ಮೇವು ತಪ್ಪುವುದಿಲ್ಲ. ಹಿಂದೆ ಅರಸನೊಬ್ಬನು ಇಟ್ಟ ಲೆಕ್ಕವನ್ನು ಇಂದು ಊರೆಲ್ಲವೂ ಇಡಬಹುದಾಗಿದೆ.